ಕಣಜ ತುಂಬುವ ಮೊದಲೇ

ಕೇಳುಗ ಬಂಧುಗಳೇ, ನಮಸ್ಕಾರ.

ಸೆಪ್ಟೆಂಬರ್ 8ರಂದು ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಮೊಂತಿ ಹಬ್ಬ. ಯೇಸುಸ್ವಾಮಿಯ ತಾಯಿ ಕನ್ಯಾ ಮರಿಯಮ್ಮನವರ ಜನ್ಮದಿನವೂ ಅದೇ, ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ದಿನವೂ ಅದೇ. ಮೊಂತಿ ಎಂಬುದು ಗುಡ್ಡವೆಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದದ್ದು. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವೆಯ ಜೊವಾಕಿಂ ಮಿರಾಂದ ಎಂಬ ಗುರುಗಳು 1763ರಲ್ಲಿ ಈ ಆಚರಣೆಗೆ ಮೊದಲು ಮಾಡಿದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹೊಸ ಬೆಳೆಗೆ ಕೈಮುಗಿಯುವ ರೂಢಿ ಮಾತ್ರ ಈ ಮಣ್ಣಿಗೆ ಅದಕ್ಕಿಂತ ಬಹಳ ಹಳೆಯದು. ನಮ್ಮ ನೆರೆಮನೆಯವರು ತೆನೆ ಕಟ್ಟಿ ಹೊಸ್ತು ಉಣ್ಣುವುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಬರುತ್ತಾರೆ. ಬೇಲಿಯಲ್ಲಿ, ಹಿತ್ತಲಲ್ಲಿ, ಗುಡ್ಡದಲ್ಲಿ ಸಿಗುವ ದಾಸವಾಳ, ಗೌರಿಹೂ, ಗೊಂಡೆ, ರಥಪುಷ್ಪ ಏನಾದರೂ ಸರಿ, ಅದನ್ನು ಹಾಡುತ್ತ ಬಾಲೆ ಮರಿಯಮ್ಮನ ಪ್ರತಿಮೆಯ ಮುಂದೆ ಚೆಲ್ಲುತ್ತಾರೆ. ನಾನೂ ಎಷ್ಟೋ ವರ್ಷ ಚೆಲ್ಲಿದ್ದೇನೆ. ಆದರೆ ಯಾವ ಮಗುವಿನ ಬುಟ್ಟಿಯಲ್ಲೂ ಕಾಣಸಿಗದ ಹೂವೊಂದಿದೆ, ಅದು ಭತ್ತದ ಹೂ.

ಗದ್ದೆಯ ಮಗನಾಗಿಯೂ ಆ ಹೂವನ್ನು ನಾನು ಕಣ್ಣಿಟ್ಟು ನೋಡಿದ್ದು ಇಪ್ಪತ್ತು ದಾಟಿದ ಮೇಲೆ. ಆಗ ಪ್ರಾರ್ಥನೆಯ ಮಾತುಗಳು ನನ್ನ ಬಾಯಲ್ಲಿದ್ದವು, ಒಳಗೆ ಇಳಿದಿರಲಿಲ್ಲ. ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ, ಬಿಸಿಲು ಸ್ವಲ್ಪ ಏರಿದ ಹೊತ್ತಿಗೆ, ಅಪ್ಪ ನನ್ನನ್ನು ಏಣೇಲಿನ, ಅಂದರೆ ಮಳೆಗಾಲದ ಬೆಳೆಯ, ಗದ್ದೆಯ ಬದುವಿನ ಮೇಲೆ ಕೂರಿಸಿ, ತೆನೆಯೊಂದನ್ನು ಮುರಿಯದೆ ನನ್ನತ್ತ ಬಾಗಿಸಿ ತೋರಿಸಿದರು. ಹಸಿರು ಹೊಟ್ಟಿನ ಎರಡು ಸಿಪ್ಪೆಗಳು ತುಸುವೇ ಬಿರಿದು, ಅವುಗಳ ನಡುವಿನಿಂದ ನೂಲಿನಂಥ ಆರು ಕೇಸರಗಳು ಹೊರಗೆ ಇಳಿಬಿದ್ದು, ಸುಳಿಗಾಳಿಗೂ ನಡುಗುತ್ತಿದ್ದವು. ಬಣ್ಣವಿಲ್ಲ, ಕರೆಯುವ ಪರಿಮಳವಿಲ್ಲ. ಆ ಹೂ ಒಂದು ಗಂಟೆಯಷ್ಟು ಹೊತ್ತು ತೆರೆದಿದ್ದು ಮುಚ್ಚಿಕೊಂಡರೆ ಮತ್ತೆ ತೆರೆಯುವುದಿಲ್ಲ, ಆ ಹೊತ್ತಿನಲ್ಲೇ ಮಳೆ ಬಡಿದರೆ ಕಾಳು ಜೊಳ್ಳಾಗುವುದೂ ಉಂಟು. ನಾವು ದಿನವೂ ಉಣ್ಣುವ ಅನ್ನದ ಒಂದೊಂದು ಅಗುಳೂ ಇಂಥದೊಂದು ಗಂಟೆಯನ್ನು ದಾಟಿ ಬಂದದ್ದು. ದಿನಗಳು ಕಳೆದ ಮೇಲೆ ಅದೇ ಕಾಳನ್ನು ಉಗುರಿನಿಂದ ಒತ್ತಿ ನೋಡಿದೆ. ಬಿಳಿಯ ಹಾಲು ಒಸರಿ ಬೆರಳಿಗೆ ಅಂಟಿತು.

ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಪುಟ್ಟ ಸಾಮತಿ, ಅಂದರೆ ದೃಷ್ಟಾಂತ ಕಥೆ, ನನಗೆ ಅರ್ಥವಾದದ್ದು ಅಂದು. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಆದರೆ ಅದು ಹೇಗೆ ಬೆಳೆಯಿತೆಂದು ಅವನಿಗೆ ತಿಳಿಯದು. ಮೊದಲು ಮೊಳಕೆ, ಆಮೇಲೆ ತೆನೆ, ಆಮೇಲೆ ತೆನೆಯ ತುಂಬ ಕಾಳು. ಉತ್ತು ನಾಟಿ ಮಾಡಿದ್ದು ನಾವೇ ನಿಜ. ಆದರೆ ಹೊಟ್ಟಿನೊಳಗೆ ಹಾಲು ತುಂಬಿದವರು ನಾವಲ್ಲ.

ಹಾಗೆಂದು ಗದ್ದೆಯನ್ನೇ ದೇವರೆಂದು ನಾವು ನಂಬುವುದಿಲ್ಲ, ಅದು ದೇವರು ಕೊಟ್ಟದ್ದು ಎಂದು ನಂಬುತ್ತೇವೆ. ಈ ಭೇದ ದೊಡ್ಡದು. ಏಕೆಂದರೆ ಪೈರು ಯಾವಾಗಲೂ ಕಣ್ಣಿಗೆ ಹಬ್ಬವಾಗಿರುವುದಿಲ್ಲ. ಒಂದು ವರ್ಷ ಹಬ್ಬಕ್ಕೆ ನಾಲ್ಕು ದಿನವಿರುವಾಗ ಹಗಲಿರುಳು ಮಳೆ ಸುರಿದು, ಕಾಳುಗಟ್ಟುತ್ತಿದ್ದ ಪೈರೆಲ್ಲ ನೀರಿನಲ್ಲಿ ಮಲಗಿತು. ಅಪ್ಪ ಮೊಣಕಾಲುದ್ದದ ನೀರಿಗೆ ಇಳಿದು, ಮಲಗಿದ ಪೈರಿನಿಂದ ಹತ್ತಾರು ತೆನೆ ಆಯ್ದು, ತೊಳೆದು, ಇಗರ್ಜಿಗೆ ಒಯ್ದರು. ಈ ವರ್ಷ ಯಾವುದಕ್ಕೆ ಕೃತಜ್ಞತೆ ಸಲ್ಲಿಸುವುದೆಂದು ನಾನು ಕೊಂಚ ಬಿರುಸಾಗಿಯೇ ಕೇಳಿದೆ. ದೇವರಿಗೆ ಕೊಡುವುದು ಬಾಡಿಗೆಯಲ್ಲ ಮಗಾ, ಬೆಳೆ ನೋಡಿ ಕೊಡಲಿಕ್ಕೆ ಎಂದು ಅವರು ಕೊಂಕಣಿಯಲ್ಲಿ ಹೇಳಿದರು. ಅಂಜೂರ ಚಿಗುರದಿದ್ದರೂ, ಹೊಲಗದ್ದೆಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆ ಬರಿದಾದರೂ ನಾನು ಸರ್ವೇಶ್ವರನಲ್ಲಿ ಆನಂದಿಸುವೆನೆಂಬ ಪ್ರವಾದಿ ಹಬಕ್ಕೂಕನ ಮಾತನ್ನು ನಾನು ಓದಿದ್ದು ಆಮೇಲೆ. ಓದಿದಾಗ ಕಣ್ಣೆದುರು ಬಂದದ್ದು ಅಪ್ಪನ ಕೆಸರಾದ ಮೊಣಕಾಲು.

ನಿಜ ಹೇಳಬೇಕೆಂದರೆ, ಒಳ್ಳೆಯ ವರ್ಷಗಳಲ್ಲೂ ಸೆಪ್ಟೆಂಬರ್ 8ಕ್ಕೆ ನಮ್ಮ ಬೆಳೆ ಕೈಸೇರಿರುವುದಿಲ್ಲ. ಕೊಯ್ಲಿಗೆ ಇನ್ನೂ ಕೆಲವು ವಾರ ಬಾಕಿಯಿರುವಾಗ, ಗಾಳಿ, ಮಳೆ, ಹಂದಿ, ನವಿಲುಗಳ ಕಾಟವೆಲ್ಲ ಇನ್ನೂ ಮುಂದಿರುವಾಗ, ಮೊದಲು ಬಲಿತ ತೆನೆಗಳನ್ನು ದೇವರ ಮುಂದಿಡುತ್ತೇವೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿಯೂ ಕೊಯ್ಲಿನ ಮೊದಲ ಸಿವುಡನ್ನೇ ತರಬೇಕೆಂಬ ವಿಧಿಯಿದೆ. ಕಣಜ ತುಂಬಿದ ಮೇಲೆ ಲೆಕ್ಕ ನೋಡಿ ಹೇಳುವ ವಂದನೆಗಿಂತ ಇದರಲ್ಲಿ ಭರವಸೆ ಹೆಚ್ಚು ಎಂದು ನನಗೆ ಅನಿಸುತ್ತದೆ.

ಗುರುಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಪೀಠದ ಮುಂದಿಟ್ಟು ಪ್ರಾರ್ಥಿಸುತ್ತೇವೆ. ಮನೆಯ ಹಿರಿಯರು ಒಬ್ಬೊಬ್ಬರ ಲೆಕ್ಕಕ್ಕೆ ಒಂದೊಂದು ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಊಟ. ಅಂದು ಮೀನು ಮಾಂಸವಿಲ್ಲ. ಕೆಸುವಿನ ದಂಟು, ಹೀರೆ, ಬೆಂಡೆ, ಹಾಗಲ ಎಂದು ಐದೋ ಏಳೋ ಬಗೆ, ಎಣಿಕೆ ಬೆಸವಾಗಿರಬೇಕು.

ಈಗ ಪೇಟೆಯ ಸುತ್ತಿನ ಎಷ್ಟೋ ಇಗರ್ಜಿಗಳಿಗೆ ತೆನೆ ಒದಗಿಸಲು ಊರಿನಲ್ಲಿ ಗದ್ದೆಯೇ ಉಳಿದಿಲ್ಲ. ಕೆಲವು ಕಡೆ ಯುವಜನರು ಹಡಿಲು ಬಿದ್ದ ಗದ್ದೆಗಳನ್ನು ಮತ್ತೆ ಉತ್ತು ನಾಟಿ ಮಾಡುತ್ತಿದ್ದಾರೆ. ಹೂ ಚೆಲ್ಲುವ ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೂ ಕರೆದೊಯ್ಯಬೇಕೆಂಬುದು ನನ್ನ ಆಸೆ.

ದೂರದಲ್ಲಿರುವವರಿಗೆ ಆಶೀರ್ವದಿಸಿದ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆ ನಮ್ಮಲ್ಲಿದೆ. ಅಪ್ಪ ಮಾಡುತ್ತಿದ್ದ ಆ ಕೆಲಸ ಈಗ ನನ್ನದು. ಕುವೈತಿನಲ್ಲಿರುವ ತಂಗಿಗೆ, ಅವಳ ಗಂಡನಿಗೆ ಎಂದು ಕಳೆದ ವರ್ಷ ಎರಡು ಕಾಳು ಕಳುಹಿಸಿದ್ದೆ. ಈ ವರ್ಷ ಲಕೋಟೆಯಲ್ಲಿ ಮೂರು ಕಾಳು ಹಾಕಿ ಅಂಟಿಸಿದ್ದೇನೆ. ಅವಳ ಹೆರಿಗೆಗೆ ಇನ್ನೂ ಎರಡು ತಿಂಗಳಿದೆ.

ನಮಸ್ಕಾರ.