ಮೊದಲು ‘ವಯಾ’ ಓದಿ

ನಮಸ್ಕಾರ. ಕಳೆದ ಸಂಚಿಕೆಗೆ ಮೈಸೂರಿನ ವೀಕ್ಷಕರೊಬ್ಬರು, “ಅರಸೀಕೆರೆಗೆ ರೈಲು ಟಿಕೆಟ್ಟಿನ ದುಡ್ಡು ಕೊಟ್ಟಾಗಿದೆ; ಹಾಸನದ ಮೇಲೆ ಹೋಗಲಿ, ಬೆಂಗಳೂರಿನ ಮೇಲೆ ಹೋಗಲಿ, ಕೇಳಲು ಟಿ.ಸಿ. ಯಾರು?” ಎಂದು ಬರೆದಿದ್ದಾರೆ. ಹಲವರು ಅದನ್ನು ಮೆಚ್ಚಿಯೂ ಇದ್ದಾರೆ. ನನಗೆ ಕಳವಳ ತಂದದ್ದು ಆ ಮೆಚ್ಚುಗೆ.

ರೈಲು ದರದ ಲೆಕ್ಕ ನಡೆಯುವುದು ದಾರಿಯ ಕಿಲೋಮೀಟರಿನ ಮೇಲೆ. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆ ಸುಮಾರು 165 ಕಿ.ಮೀ.; ಮಂಡ್ಯ, ಬೆಂಗಳೂರು, ತುಮಕೂರು ಸುತ್ತಿಕೊಂಡು ಹೋದರೆ 290 ದಾಟುತ್ತದೆ. ಹಾಸನದ ದಾರಿಗೆ ಹಣ ಕೊಟ್ಟವರು ಬೆಂಗಳೂರಿನ ಗಾಡಿಯಲ್ಲಿ ಕುಳಿತರೆ, ಮಿಕ್ಕ ದೂರಕ್ಕೆ ಅವರು ಹಣವನ್ನೇ ಕೊಟ್ಟಿಲ್ಲ. ಟಿಕೆಟ್ಟಿನಲ್ಲಿ ‘ವಯಾ’ ಎಂಬುದರ ಮುಂದೆ ಅಚ್ಚಾಗಿರುವುದೇ ನಿಮ್ಮ ದಾರಿ.

ದಾರಿ ಬದಲಾದರೆ ಟಿಕೆಟ್ಟಿನ ಅವಧಿಯೂ ಬದಲಾಗುತ್ತದೆ. 2016ರ ಮಾರ್ಚ್‌ನಿಂದ, 199 ಕಿ.ಮೀ. ವರೆಗಿನ ಜನರಲ್ ಟಿಕೆಟ್ ಪಡೆದವರು ಮೂರು ಗಂಟೆಯೊಳಗೆ, ಇಲ್ಲವೇ ತಾವು ಹೋಗಬೇಕಾದ ಊರಿನ ಕಡೆಗೆ ಮೊದಲ ಗಾಡಿ ಹೊರಡುವುದರೊಳಗೆ, ಇವೆರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಆರಂಭಿಸಬೇಕು. 200 ಕಿ.ಮೀ. ಮತ್ತು ಅದಕ್ಕೂ ಹೆಚ್ಚಿನ ದೂರದ ಟಿಕೆಟ್ಟನ್ನು ಮೂರು ದಿನ ಮೊದಲೇ ಕೊಳ್ಳಬಹುದು. ಅರಸೀಕೆರೆಯ ಟಿಕೆಟ್ಟಿಗೆ ಇವೆರಡರಲ್ಲಿ ಯಾವ ನಿಯಮ ಎಂಬುದನ್ನೂ ತೀರ್ಮಾನಿಸುವುದು ಅದೇ ‘ವಯಾ’.

“ಗಾಡಿ ಹೇಗೂ ಹೋಗುತ್ತದೆ, ರೈಲ್ವೆಗೇನು ನಷ್ಟ?” ಎಂಬ ವಾದದಲ್ಲಿ ಹುರುಳಿಲ್ಲ, ಅದನ್ನು ಒಪ್ಪಿದರೆ ಟಿಕೆಟ್ಟೇ ಬೇಕಿಲ್ಲ. ಬೆಂಗಳೂರಿನ ಟಿಕೆಟ್ ಹಿಡಿದು ಮಂಡ್ಯದಲ್ಲಿ ಇಳಿದು, ನೆಂಟರ ಮನೆಯಲ್ಲಿ ಊಟ ಮುಗಿಸಿ, ಅದೇ ಟಿಕೆಟ್ಟಿನಲ್ಲಿ ಸಂಜೆಯ ಗಾಡಿ ಹತ್ತುವವರದೂ ತಪ್ಪೇ. ನಡುವೆ ಇಳಿದು ತಂಗುವ ಅವಕಾಶವಿರುವುದು 500 ಕಿ.ಮೀ. ಮೀರಿದ ಟಿಕೆಟ್ಟಿಗೆ, ಅದೂ ಮೊದಲ 500 ಕಿ.ಮೀ. ಸಾಗಿದ ಮೇಲೆ. ಮೈಸೂರಿನಿಂದ ಬೆಂಗಳೂರಿಗೆ ಇರುವುದು ಸುಮಾರು 140. 1989ರ ರೈಲ್ವೆ ಕಾಯ್ದೆಯ 138ನೇ ಕಲಮಿನಂತೆ, ಸರಿಯಾದ ಟಿಕೆಟ್ ಇಲ್ಲದವರಿಂದ ದರದ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿಯಾಗಿ ವಸೂಲು ಮಾಡಬಹುದು. ಕೂಲಿಗೆ ಹೊರಟವರ ಜೇಬಿನಿಂದ ಅದು ಹೋಗುವುದನ್ನು ನೋಡಲು ನನಗೆ ಸಂಕಟವಾಗುತ್ತದೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದವರು ದಯವಿಟ್ಟು ಆಗಿ. ಟಿಕೆಟ್ ಅರ್ಥವಾಗದಿದ್ದರೆ ಅದರ ಚಿತ್ರ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಓದೋಣ.

ಟಿ.ಸಿ. ಯಾರು ಎಂದು ಕೇಳಿದ ಮಹನೀಯರೇ, ಬೆಂಗಳೂರಿನ ಮೇಲೆಯೇ ಹೋಗಬೇಕಿದ್ದರೆ ಹೋಗಿ. ಕೌಂಟರಿನಲ್ಲಿ ಹಾಗೆಂದು ಹೇಳಿ, ಆ ದಾರಿಯ ಹಣ ಕೊಟ್ಟು, ‘ವಯಾ’ ಓದಿಕೊಂಡು ಹೋಗಿ. ಓದದೆ ಗಾಡಿ ಹತ್ತಬೇಡಿ.