ಡೆಟ್ರಾಯಿಟ್ ನಿಜಕ್ಕೂ ಚೇತರಿಸಿಕೊಂಡಿದೆಯಾ?

ನಮಸ್ಕಾರ. ಈ ಕಟ್ಟಡದ ಹಳೇ ಫೋಟೋ ನೀವು ಎಲ್ಲೋ ನೋಡಿರುತ್ತೀರಿ. ಅಮೆರಿಕದ ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್ ಹಾಳಾಯ್ತು ಅಂತ ಯಾರೇ ಬರೆದರೂ ಪಕ್ಕದಲ್ಲಿ ಇದರದ್ದೇ ಫೋಟೋ. ಹೆಸರು ಮಿಷಿಗನ್ ಸೆಂಟ್ರಲ್ ಸ್ಟೇಷನ್. ಶುರುವಾಗಿದ್ದು 1913ರಲ್ಲಿ, ಕೊನೇ ರೈಲು ಹೊರಟಿದ್ದು 1988ರಲ್ಲಿ. ಆಮೇಲೆ ಕಿಟಕಿಯ ಗಾಜು ಹೋಯಿತು, ತಾಮ್ರದ ವೈರು ಹೋಯಿತು, ನೆಲಮಾಳಿಗೆಯಲ್ಲಿ ನೀರು ನಿಂತಿತು. ಕಳ್ಳರು ಗಡಿಯಾರವನ್ನೂ ಬಿಡಲಿಲ್ಲ.

2018ರಲ್ಲಿ ಫೋರ್ಡ್ ಕಂಪನಿ ಇದನ್ನು ಕೊಂಡುಕೊಂಡಿತು. ಸುದ್ದಿ ಗೊತ್ತಾದ ಕೆಲವೇ ದಿನಗಳಲ್ಲಿ ಯಾರೋ ಹೆಸರು ಹೇಳದೆ ಸಂಪರ್ಕಿಸಿ ಆ ಗಡಿಯಾರವನ್ನು ವಾಪಸ್ ಕೊಟ್ಟರು! ಊರು ಮತ್ತೆ ಏಳುತ್ತೆ ಅಂತ ನಂಬಿಕೆ ಬಂದಿದ್ದಕ್ಕೇ ಅಲ್ವಾ? ಇಲ್ಲಿ ಸ್ವಲ್ಪ ಮೇಲೆ ನೋಡಿ. ಈ ಕಮಾನಿನ ಚಾವಣಿಯಲ್ಲಿ ಸುಮಾರು 29,000 ಟೈಲ್‌ಗಳಿವೆ. ಎಷ್ಟು ತಾಳ್ಮೆಯ ಕೆಲಸ! 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ರೈಲು ಮಾತ್ರ ಬರುವುದಿಲ್ಲ, ಒಳಗೆ ಆಫೀಸುಗಳು ಬಂದಿವೆ.

ಹಾಗಾದರೆ ಊರು ಚೇತರಿಸಿಕೊಂಡಿತಾ? 1950ರಲ್ಲಿ ಇಲ್ಲಿ 18.5 ಲಕ್ಷ ಜನರಿದ್ದರು. 2020ರಲ್ಲಿ 6.4 ಲಕ್ಷ. ಕಾರ್ಖಾನೆಗಳು ಹೊರವಲಯಕ್ಕೆ, ಬೇರೆ ರಾಜ್ಯಗಳಿಗೆ ಹೋದವು. ಹೊಸ ಹೆದ್ದಾರಿಗಳು ಕಪ್ಪುಜನರ ಕೇರಿಗಳನ್ನು ಸೀಳಿಕೊಂಡು ಹೋದವು, ಬಿಳಿಯರು ಅದೇ ರಸ್ತೆ ಹಿಡಿದು ಊರು ಬಿಟ್ಟರು. ತೆರಿಗೆ ಕಟ್ಟುವವರೇ ಕಡಿಮೆಯಾದರು. 2013ರಲ್ಲಿ ನಗರ ದಿವಾಳಿ ಎದ್ದಿತು, ಸಾಲ ಸುಮಾರು 1,800 ಕೋಟಿ ಡಾಲರ್. 2023ರಲ್ಲಿ ಜನಸಂಖ್ಯೆ ಏರಿತು, 1957ರ ನಂತರ ಮೊದಲ ಸಲ. ಏರಿದ್ದು 2,000ಕ್ಕೂ ಕಡಿಮೆ, ಆದರೂ ನನಗೆ ನಿಜವಾಗಿಯೂ ಖುಷಿಯಾಯಿತು.

ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರು ಇಲ್ಲಿ ಬಹಳ ಜನ ಇದ್ದಾರೆ. 'ಡೆಟ್ರಾಯಿಟ್‌ನಲ್ಲಿದ್ದೀವಿ' ಅನ್ನುತ್ತಾರೆ, ಮನೆ ಇರುವುದು ಜಾಸ್ತಿ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ. ಅವೆಲ್ಲ ಬೇರೆಯೇ ಊರುಗಳು. ಅಲ್ಲಿನ ಮನೆ ತೆರಿಗೆಯಿಂದ ಇಲ್ಲಿನ ಬೀದಿದೀಪ ಉರಿಯುವುದಿಲ್ಲ.

ಡೌನ್‌ಟೌನ್ ಎದ್ದಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಸ್ವಲ್ಪ ದೂರ ಗಾಡಿ ಓಡಿಸಿದರೆ ಸಾಕು. ಒಂದು ಮನೆ, ಪಕ್ಕದಲ್ಲಿ ಹುಲ್ಲು ಬೆಳೆದ ಖಾಲಿ ಸೈಟು, ಇನ್ನೊಂದು ಖಾಲಿ ಸೈಟು, ಮತ್ತೆ ಒಂದು ಮನೆ. 2008ರ ನಂತರ ಮನೆಗಳ ಬೆಲೆ ಪಾತಾಳಕ್ಕೆ ಇಳಿದರೂ, ನಗರ ವರ್ಷಗಟ್ಟಲೆ ಹಳೇ ಲೆಕ್ಕದಲ್ಲೇ ತೆರಿಗೆ ಹಾಕಿತು. ಕಟ್ಟಲಾಗದೆ ಸಾವಿರಾರು ಜನ ಮನೆ ಕಳೆದುಕೊಂಡರು. ಊರು ಬಿಡದೆ ಉಳಿದವರೇ ಇವರು. ಸ್ಟೇಷನ್ ನನಗೂ ಇಷ್ಟ. ಆದರೆ ಈ ಜನರಿಂದ ಹೆಚ್ಚುವರಿ ತೆರಿಗೆಯಾಗಿ ಕಿತ್ತುಕೊಂಡ ದುಡ್ಡು ಅವರ ಕೈ ಸೇರುವವರೆಗೂ ಡೆಟ್ರಾಯಿಟ್ ಚೇತರಿಸಿಕೊಂಡಿದೆ ಅಂತ ನಾನಂತೂ ಹೇಳಲಾರೆ.