ಸಿನಿಮಾ ನುಂಗಿದ ಹೊತ್ತು

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ ಮತ್ತು ವಿದ್ಯಾರ್ಥಿಗಳೇ,

ವಿಜ್ಞಾನ ದಿನದ ಅಂಗವಾಗಿ ‘ನಿತ್ಯಜೀವನದಲ್ಲಿ ರಸಾಯನಶಾಸ್ತ್ರ’ ಎಂಬ ವಿಷಯದ ಮೇಲೆ ಉಡುಪಿಗೆ ಬಂದು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಅದಕ್ಕೆ ಸಿನಿಮಾವನ್ನೂ ಸೇರಿಸಿಕೊಳ್ಳಲು ಅನುಮತಿ ಬೇಡಿದವನು ನಾನೇ. ಮೂವತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿದ್ದೇನೆ. ಆ ಅವಧಿಯಲ್ಲಿ ಆವರ್ತ ಕೋಷ್ಟಕದ ಬಗ್ಗೆ ತಾವಾಗಿಯೇ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳನ್ನು ಕೈಬೆರಳಿನಲ್ಲಿ ಎಣಿಸಬಹುದು. ಆದರೆ ಪ್ರತಿ ವರ್ಷವೂ, ಪ್ರತಿ ತರಗತಿಯಲ್ಲೂ, ಹಿಂದಿನ ಬೆಂಚಿನಿಂದ ತಪ್ಪದೆ ಬರುತ್ತಿದ್ದ ಪ್ರಶ್ನೆ ಒಂದಿತ್ತು: “ಸರ್, ಕರ್ಚೀಫಿಗೆ ಕ್ಲೋರೋಫಾರಂ ಹಾಕಿ ಮೂಗಿಗೆ ಹಿಡಿದರೆ ನಿಜವಾಗಿಯೂ ಆ ಕೂಡಲೇ ಪ್ರಜ್ಞೆ ತಪ್ಪುತ್ತದೆಯೇ?” ಕೇಳಿದವನ ಉದ್ದೇಶವೇನೆಂದು ನಾನು ಎಂದೂ ವಿಚಾರಿಸಲಿಲ್ಲ. ಆದರೆ ಪ್ರಶ್ನೆ ಒಳ್ಳೆಯದೆಂಬ ಕಾರಣಕ್ಕೆ ಪ್ರತಿ ವರ್ಷವೂ ಉತ್ತರಿಸಿದ್ದೇನೆ.

ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರ್ ತಿಂಗಳ ಒಂದು ರಾತ್ರಿ ಇಬ್ಬರು ಸಹಾಯಕ ವೈದ್ಯರೊಡನೆ ಊಟದ ಮೇಜಿನ ಬಳಿ ಕುಳಿತು ಕ್ಲೋರೋಫಾರಮನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಮೊದಲು ಮೂವರಿಗೂ ಉಲ್ಲಾಸ, ನಗು, ಮಾತು. ಅನಂತರ ಮೂವರೂ ನೆಲದ ಮೇಲೆ. ಮೂರು ತಿಂಗಳು ತುಂಬುವ ಮೊದಲೇ, 1848ರ ಜನವರಿಯಲ್ಲಿ, ಕಾಲಿನ ಉಗುರಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಇದೇ ಔಷಧ ಪಡೆದ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್ ಅಲ್ಲಿಯೇ ತೀರಿಕೊಂಡಳು. ಪ್ರಜ್ಞೆ ತಪ್ಪಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಅಷ್ಟು ಕಿರಿದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1853ರ ಪ್ರಸಂಗ. ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಜಾನ್ ಸ್ನೋ ಎಂಬ ವೈದ್ಯ ಸಿನಿಮಾದಲ್ಲಿರುವಂತೆಯೇ ಕರವಸ್ತ್ರಕ್ಕೆ ಕ್ಲೋರೋಫಾರಮಿನ ಹನಿಗಳನ್ನು ಹಾಕಿ, ನೋವು ಬಂದಾಗಲೆಲ್ಲ ಅಷ್ಟಷ್ಟೇ ಮೂಸಲು ಕೊಟ್ಟ. ಹೀಗೆ ಕೊಟ್ಟದ್ದು ಒಟ್ಟು 53 ನಿಮಿಷ. ರಾಣಿಗೆ ನೋವು ಕಡಿಮೆಯಾಯಿತು, ಪ್ರಜ್ಞೆ ಮಾತ್ರ ತಪ್ಪಲಿಲ್ಲ! ನಮ್ಮ ಖಳನಾಯಕ ಅದೇ ಕರವಸ್ತ್ರದಿಂದ ಮೂರು ಸೆಕೆಂಡಿನಲ್ಲಿ ನಾಯಕಿಯನ್ನು ಮಲಗಿಸಿ, ಹೆಗಲಿಗೇರಿಸಿಕೊಂಡು ಅಂಬಾಸಿಡರ್ ಕಾರಿಗೆ ಹಾಕುತ್ತಾನೆ. ನಾಯಕಿಯೂ ಸರಿಯಾಗಿ ಗೋದಾಮಿಗೆ ತಲಪಿದ ಮೇಲೆಯೇ ಕಣ್ಣು ತೆರೆಯುತ್ತಾಳೆ.

ನನ್ನ ವಾದ ಇಲ್ಲಿಂದಲೇ ಆರಂಭವಾಗುತ್ತದೆ. ಸಿನಿಮಾದವರು ರಸಾಯನಶಾಸ್ತ್ರವನ್ನು ತಪ್ಪಾಗಿ ತೋರಿಸುತ್ತಾರೆಂಬುದು ನಮ್ಮಂಥ ಅಧ್ಯಾಪಕರ ಹಳೆಯ ದೂರು. ನನಗೆ ಹಾಗೆ ಅನಿಸುವುದಿಲ್ಲ. ಅವರು ಆರಿಸುವ ವಸ್ತುಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಅವರು ನುಂಗಿಹಾಕುವುದು ಹೊತ್ತನ್ನು. ಯಾವುದೇ ರಾಸಾಯನಿಕ ಕ್ರಿಯೆಗೆ ಎಷ್ಟು ಪ್ರಮಾಣ ಮತ್ತು ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿವೆ. ಎರಡೂವರೆ ಗಂಟೆಯಲ್ಲಿ ಆರು ಹಾಡು ಮುಗಿಸಬೇಕಾದವನಿಗೆ ಅವೆರಡಕ್ಕೂ ಪುರುಸೊತ್ತಿಲ್ಲ. ನಮ್ಮ ಅಡುಗೆಮನೆ ಮತ್ತು ತೋಟಗಳಲ್ಲಿ ಮಾತ್ರ ಆ ಎರಡು ಪ್ರಶ್ನೆಗಳನ್ನು ಬಿಟ್ಟರೆ ಕೆಲಸವೇ ಸಾಗುವುದಿಲ್ಲ.

ಸೈನೈಡನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಗೂಢಚಾರನೊಬ್ಬ ಗುಳಿಗೆ ಕಚ್ಚುತ್ತಾನೆ, ಕತ್ತು ವಾಲುತ್ತದೆ, ಮುಂದಿನ ದೃಶ್ಯ. ಅದೇ ಕುಟುಂಬದ ವಿಷ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ನಿಮ್ಮ ಮನೆಗಳಿಗೆ ಬುಟ್ಟಿಯಲ್ಲಿ ಬರುತ್ತದೆ. ನಾನು ಹೇಳುತ್ತಿರುವುದು ಕಣಿಲೆಯ ವಿಷಯ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದೆ. ಕತ್ತರಿಸಿದೊಡನೆ ಅದು ಒಡೆಯತೊಡಗಿ ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಈ ಅನಿಲ ನೀರಿನಲ್ಲಿ ಸುಲಭವಾಗಿ ಕರಗುತ್ತದೆ ಮತ್ತು ಅದರ ಕುದಿಬಿಂದು ಸುಮಾರು 26 ಡಿಗ್ರಿ ಸೆಲ್ಸಿಯಸ್ ಮಾತ್ರ. ನನ್ನ ಅಜ್ಜಿಗೆ ಈ ಹೆಸರಾಗಲಿ ಅಂಕೆಯಾಗಲಿ ತಿಳಿದಿರಲಿಲ್ಲ. ಕಣಿಲೆಯನ್ನು ಸಣ್ಣಗೆ ಹೆಚ್ಚಿ, ಮೂರು ದಿನ ನೀರಿನಲ್ಲಿ ಹಾಕಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆ ಬೇಯಿಸಬೇಕೆಂದು ಮಾತ್ರ ಗೊತ್ತಿತ್ತು. ಹೆಚ್ಚುವುದರಿಂದ ಒಡೆಯುವ ಕ್ರಿಯೆ ಬೇಗ ನಡೆಯುತ್ತದೆ, ನೀರು ಕರಗಿದ್ದನ್ನು ಒಯ್ಯುತ್ತದೆ, ಬೆಂಕಿ ಉಳಿದದ್ದನ್ನು ಹಾರಿಸುತ್ತದೆ. ಮರಗೆಣಸು ಬೇಯಿಸಿದ ನೀರನ್ನು ಬಸಿದು ಚೆಲ್ಲುವುದೂ ಇದೇ ಕಾರಣಕ್ಕೆ. ಒಮ್ಮೆ ಎರಡನೆಯ ದಿನವೇ ಪಲ್ಯ ಮಾಡೆಂದು ನಾನು ಹಟ ಹಿಡಿದಾಗ ಅಜ್ಜಿ, “ನಿನ್ನ ಅವಸರ ಕಣಿಲೆಗೆ ಗೊತ್ತಾಗಬೇಕಲ್ಲ ಮಗಾ” ಎಂದಿದ್ದರು. ರಾಸಾಯನಿಕ ಕ್ರಿಯೆಯ ವೇಗದ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದು.

ಇನ್ನು ಸಿನಿಮಾದ ಪ್ರಯೋಗಾಲಯ. ಅಲ್ಲಿ ನೀಲಿ, ನೇರಳೆ, ಕಿತ್ತಳೆ ಬಣ್ಣದ ದ್ರವಗಳು ಸದಾ ಕುದಿಯುತ್ತಿರುತ್ತವೆ. ಹೊಗೆಯಂತೆ ಕಾಣುವುದು ಡ್ರೈ ಐಸ್, ಅಂದರೆ ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಬಿಳಿಯಾಗಿ ಕಾಣುವುದು ಆ ಅನಿಲವಲ್ಲ, ಅದರ ಚಳಿಗೆ ಹನಿಗಟ್ಟಿದ ನೀರಾವಿ. ಕನಸಿನ ಹಾಡುಗಳಲ್ಲಿ ನಾಯಕ ನಾಯಕಿಯರ ಮೊಣಕಾಲಿನವರೆಗೆ ಹರಿಯುವ ಮೋಡವೂ ಅದೇ; ತಣ್ಣಗಿದ್ದು ಗಾಳಿಗಿಂತ ಭಾರವಾದ್ದರಿಂದ ನೆಲ ಬಿಟ್ಟು ಮೇಲೇಳುವುದಿಲ್ಲ. ನೇರಳೆ ದ್ರವ ಪೊಟ್ಯಾಸಿಯಂ ಪರ್ಮಾಂಗನೇಟ್ ಆಗಿರಬಹುದು. ನೀಲಿ ದ್ರವ ಮಾತ್ರ, ಅದು ಬರಿಯ ಬಣ್ಣದ ನೀರಲ್ಲದಿದ್ದರೆ, ಈ ಸಭೆಯಲ್ಲಿರುವ ಅಡಿಕೆ ಕೃಷಿಕರೆಲ್ಲರಿಗೂ ಪರಿಚಿತವಾದ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಮೈಲುತುತ್ತಿನ ಹೆಸರೆತ್ತಿದ ಮೇಲೆ ಒಂದು ಕತೆ ಹೇಳದೆ ಮುಂದೆ ಹೋಗುವುದು ನನ್ನಿಂದಾಗದು. ಹಿಂದೆ ಕೇಳಿದವರು ಕ್ಷಮಿಸಬೇಕು.

ನಾನು ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಜೂನ್ ತಿಂಗಳ ಆರಂಭದಲ್ಲಿ ಕಾರ್ಕಳದ ಕಡೆಯ ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಸಿದ್ಧತೆ ನಡೆದಿತ್ತು. ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ, ಲೆಕ್ಕ ನಿಮಗೆಲ್ಲ ಗೊತ್ತೇ ಇದೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನಾನು ಕಾಗದ ತೆಗೆದು ಅಣುತೂಕಗಳನ್ನು ಬರೆದು ಲೆಕ್ಕ ಹಾಕಿದೆ. ಒಂದು ಕಿಲೋ ಮೈಲುತುತ್ತಿನ ತಾಮ್ರವನ್ನೆಲ್ಲ ಹಿಡಿದಿಡಲು ಶುದ್ಧವಾದ ಅರಳಿದ ಸುಣ್ಣ 300 ಗ್ರಾಂ ಸಾಕು! ಇಷ್ಟು ವರ್ಷ ಇಡೀ ಜಿಲ್ಲೆ ಸುಣ್ಣವನ್ನು ದಂಡ ಮಾಡಿದೆ ಎಂಬ ಮಹಾಸತ್ಯ ಕಂಡುಹಿಡಿದ ಉತ್ಸಾಹದಲ್ಲಿ ನಾನೇ ಮುಂದೆ ನಿಂತು 300 ಗ್ರಾಂ ಸುಣ್ಣ ಕಲಸಿಸಿದೆ. ಹತ್ತಿರದಲ್ಲಿ, ನಮ್ಮ ತೋಟಕ್ಕೆ ಇಪ್ಪತ್ತು ವರ್ಷಗಳಿಂದ ಮದ್ದು ಬಿಡುತ್ತಿದ್ದ ಹಿರಿಯರೊಬ್ಬರು ಬೀಡಿ ಸೇದುತ್ತ ಕುಳಿತಿದ್ದರು. ಅವರು ಒಂದು ಮಾತೂ ಆಡದೆ ಎದ್ದು ಬಂದು, ತಮ್ಮ ಕತ್ತಿಯ ತುದಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು, ಮೇಲೆತ್ತಿ ನನ್ನ ಮುಖದ ಮುಂದೆ ತಂದರು. ತುದಿ ಕೆಂಪಗಾಗಿತ್ತು.

“ಕತ್ತಿಗೆ ಕೆಂಪು ಹತ್ತಿತು ಮಾಷ್ಟ್ರೆ. ಸುಣ್ಣ ಸಾಲದು.”

ನಾನು ಕಾಗದ ತೋರಿಸಿದೆ. ಅವರು ಅದನ್ನು ಗೌರವದಿಂದಲೇ ನೋಡಿದರು.

“ಲೆಕ್ಕ ನಿಮ್ಮದು ಸರಿಯೇ ಇರಬಹುದು. ಆದರೆ ಸುಣ್ಣ ಕಳೆದ ವರ್ಷದ್ದಲ್ಲವಾ?”

ನಾನು ಬೇರೆಯವರಿಗೆ ಕಲಿಸುತ್ತಿದ್ದ ರಸಾಯನಶಾಸ್ತ್ರವೆಲ್ಲ ಆ ಪ್ರಶ್ನೆಯೊಳಗಿತ್ತು. ಗೋಣಿಯಲ್ಲಿ ವರ್ಷವಿಡೀ ಬಿದ್ದಿದ್ದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಹುಪಾಲು ಸುಣ್ಣಕಲ್ಲಾಗಿ ಮರಳಿತ್ತು. ನನ್ನ ಕಾಗದದ ಶುದ್ಧ ಸುಣ್ಣ ಆ ಗೋಣಿಯಲ್ಲಿ ಇರಲೇ ಇಲ್ಲ. ದ್ರಾವಣದಲ್ಲಿ ಬಿಡಿಯಾಗಿ ಉಳಿದಿದ್ದ ತಾಮ್ರ, ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ಕೂತಿತ್ತು. ಅದೇ ಕತ್ತಿಯ ಕೆಂಪು. ಹಾಗೆಯೇ ಸಿಂಪಡಿಸಿದ್ದರೆ ಎಳೆ ಕಾಯಿಗಳು ಸುಟ್ಟುಹೋಗುತ್ತಿದ್ದವು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ಪ್ರಕಟಿಸಿದ ಮದ್ದು ಇದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ‘ಕೊಳೆರೋಗ’ ಎಂಬ ನಮ್ಮ ಕನ್ನಡ ಶಬ್ದ ಸಸ್ಯರೋಗಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ ಇಂದಿಗೂ ಹಾಗೆಯೇ ಇದೆ. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕೆಂಬ ನಿಯಮವನ್ನೂ ನೆನಪಿಸಿಕೊಳ್ಳಿ. ಹಳತಾದರೆ ಕಣಗಳು ದೊಡ್ಡದಾಗಿ ತಳಕ್ಕಿಳಿಯುತ್ತವೆ, ಎಲೆಗೆ ಅಂಟುವುದಿಲ್ಲ. ಮತ್ತೆ ಅದೇ ಮಾತು: ಎಷ್ಟು ಪ್ರಮಾಣ, ಎಷ್ಟು ಹೊತ್ತು.

ಈ ಕತೆಗೆ ನಾನು ಇಟ್ಟುಕೊಂಡದ್ದು ಐದು ನಿಮಿಷ. ಅಧ್ಯಕ್ಷರ ಮುಖ ನೋಡಿದರೆ ಹತ್ತಾದಂತಿದೆ.

ಬೆಂಕಿಯ ವಿಚಾರಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕಿಗೆ ಗುಂಡು ಬಿದ್ದರೆ ಸಾಕು, ಕಾರು ಆಕಾಶಕ್ಕೆ ಹಾರುತ್ತದೆ. ಆದರೆ ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಅದೂ ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ. ತುಂಬಿದ ಟ್ಯಾಂಕಿನೊಳಗೆ ಅಷ್ಟು ಗಾಳಿಯೇ ಇರುವುದಿಲ್ಲ. ಹಾಗಾದರೆ ತೆರೆಯ ಮೇಲಿನ ಆ ಬೆಂಕಿಯುಂಡೆ ಎಲ್ಲಿಂದ ಬರುತ್ತದೆ? ಇಂಧನವನ್ನು ಹನಿಹನಿಯಾಗಿ ಗಾಳಿಗೆ ಚಿಮ್ಮಿಸಿ ಕಿಡಿ ತಾಗಿಸುವುದರಿಂದ. ಈ ವಿದ್ಯೆ ಕರಾವಳಿಗೆ ಹೊಸತಲ್ಲ. ಬಯಲಾಟದಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಹಿಡಿದು ಬರುವಾಗ ರಾಳದ ಪುಡಿ ಎರಚುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ರಾಳದ ಗಟ್ಟಿಯೊಂದನ್ನು ದೊಂದಿಗೆ ಹಿಡಿದರೆ ಅದು ಕರಗಿ, ತೊಟ್ಟಿಕ್ಕಿ, ಸೋಮಾರಿಯಂತೆ ಉರಿಯುತ್ತದೆ. ಅದನ್ನೇ ಪುಡಿ ಮಾಡಿ ಎರಚಿದರೆ ಕಣಕಣದ ಸುತ್ತಲೂ ಗಾಳಿ. ಉರಿಯಬೇಕಾದದ್ದೆಲ್ಲ ಒಂದೇ ಕ್ಷಣದಲ್ಲಿ ಉರಿದು ಬೆಂಕಿ ಭುಗಿಲೇಳುತ್ತದೆ, ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಸೆರಗು ಹುಡುಕುತ್ತಾರೆ. ನಿಜವಾಗಿ ಹೊತ್ತನ್ನು ಕುಗ್ಗಿಸುವ ಉಪಾಯ ಇದು, ಮತ್ತು ನಮ್ಮ ಮೇಳಗಳು ಇದನ್ನು ಸಿನಿಮಾಕ್ಕಿಂತ ಮೊದಲೇ ಬಲ್ಲವು.

ರಕ್ತದ ವಿಷಯವೂ ಹೀಗೆಯೇ. ಕಪ್ಪು ಬಿಳುಪಿನ ಕಾಲದಲ್ಲಿ ಹಾಲಿವುಡ್ಡಿನವರು ಚಾಕೊಲೇಟ್ ಪಾಕವನ್ನೇ ರಕ್ತವೆಂದು ತೋರಿಸಿದ್ದುಂಟು. ಬಣ್ಣ ಬಂದ ಮೇಲೆ ಸಕ್ಕರೆ ಪಾಕಕ್ಕೆ ಕೆಂಪು ಸೇರಿಸಿದರು. ನಮ್ಮಲ್ಲಿ ಅರಸಿನದ ನೀರಿಗೆ ಸುಣ್ಣ ಸೇರಿಸಿದ ಕುರ್ದಿಯ ನೀರು ರಕ್ತದ ಸ್ಥಾನದಲ್ಲಿ ನಿಂತು ಎಷ್ಟು ಕಾಲವಾಯಿತೋ. ಅರಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ, ಆದರೆ ಆ ಕ್ಷಾರವೇ ಅದನ್ನು ನಿಧಾನವಾಗಿ ಒಡೆಯುತ್ತದೆ. ಆದ್ದರಿಂದ ಕುರ್ದಿಯನ್ನು ಆಗಿಂದಾಗ್ಗೆ ಕಲಸಿಕೊಳ್ಳುವುದೇ ಸರಿ. ನಿಜವಾದ ರಕ್ತವೂ ಗಾಳಿಗೆ ಬಿದ್ದರೆ ಕೆಂಪಾಗಿ ಉಳಿಯುವುದಿಲ್ಲ, ಅದರ ಹಿಮೋಗ್ಲೋಬಿನ್ ಉತ್ಕರ್ಷಿತವಾಗಿ ಕಂದಾಗುತ್ತದೆ. ಆದರೂ ಮೂರು ದಿನಗಳ ಬಳಿಕ ಬಾಗಿಲು ಒಡೆದು ಬರುವ ಸಿನಿಮಾದ ಇನ್‌ಸ್ಪೆಕ್ಟರಿಗೆ ಕಾಣುವುದು ದಾಸವಾಳದಂಥ ಕೆಂಪು.

ಹೊತ್ತನ್ನು ಹೀಗೆ ನುಂಗುವ ಸಿನಿಮಾವನ್ನು ಕೊನೆಗೆ ಹೊತ್ತೇ ನುಂಗಿತು. ಡಿಜಿಟಲ್ ಬರುವ ಮೊದಲು ಸಿನಿಮಾ ಎಂದರೆ ಬೆಳ್ಳಿಯ ಲವಣಗಳನ್ನು ಜೆಲಟಿನ್‌ನಲ್ಲಿ ಹರಡಿದ ಪಟ್ಟಿ. ಬೆಳಕು ಬಿದ್ದಲ್ಲಿ ಬೆಳ್ಳಿ ಕಪ್ಪಾಗಿ ಕೂರುತ್ತದೆ, ಬೀಳದ ಕಡೆಯದನ್ನು ಹೈಪೋ ಎಂಬ ರಾಸಾಯನಿಕ ತೊಳೆದು ಒಯ್ಯುತ್ತದೆ. ನಿಮ್ಮ ಮನೆಗಳ ಹಳೆಯ ಮದುವೆಯ ಫೋಟೋಗಳಲ್ಲಿ ಹಳದಿ ಕಲೆಗಳಿದ್ದರೆ, ಅಂದು ಡಾರ್ಕ್‌ರೂಮಿನಲ್ಲಿ ಯಾರೋ ಹೈಪೋ ತೊಳೆಯುವಾಗ ಅವಸರ ಮಾಡಿರಬಹುದು. 1950ರ ಸುಮಾರಿನವರೆಗೆ ಈ ಪಟ್ಟಿಗಳ ತಳಹದಿ ನೈಟ್ರೋಸೆಲ್ಯುಲೋಸ್ ಆಗಿತ್ತು. ಅದು ಗನ್‌ಕಾಟನ್ ಎಂಬ ಸ್ಫೋಟಕದ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 2003ರಲ್ಲಿ ಪುಣೆಯಲ್ಲಿ ಇಂಥ ಫಿಲ್ಮುಗಳನ್ನು ಇಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಚಿತ್ರಗಳು ಬೂದಿಯಾದವು. ಬೆಂಕಿ ಬೀಳದಿದ್ದರೂ ಅದು ಒಳಗಿಂದಲೇ ಕೊಳೆತು, ಅಂಟಾಗಿ, ಕಂದು ಪುಡಿಯಾಗುತ್ತದೆ. ಅನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವಿಲ್ಲ. ಆದರೆ ತೇವ ಮತ್ತು ಸೆಕೆಯಲ್ಲಿ ಅದು ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ, ಹುಟ್ಟಿದ ಆಮ್ಲ ಒಡೆಯುವಿಕೆಯನ್ನು ಇನ್ನಷ್ಟು ತೀವ್ರಗೊಳಿಸುತ್ತದೆ, ಡಬ್ಬ ತೆರೆದರೆ ವಿನೆಗರಿನ ವಾಸನೆ. ನಮ್ಮ ಕರಾವಳಿಯ ಹವೆಗಿಂತ ಅದಕ್ಕೆ ದೊಡ್ಡ ಶತ್ರು ಇಲ್ಲ. ಇನ್ನು ಎಷ್ಟೋ ಚಿತ್ರಗಳ ಪ್ರತಿಗಳು ಅವುಗಳಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಹೋದವು. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಈ ಭಾಗವನ್ನು ವಿಸ್ತಾರವಾಗಿ ಹೇಳಬೇಕೆಂದೇ ಬಂದಿದ್ದೆ. ಆದರೆ ಅಧ್ಯಕ್ಷರಿಂದ ಚೀಟಿ ಬಂದಿದೆ.

ಉಳಿದದ್ದನ್ನು ಓಡುತ್ತ ಹೇಳುತ್ತೇನೆ. ಮೀನಿನ ವಾಸನೆ ಟ್ರೈಮೀಥೈಲ್ ಅಮೀನ್ ಎಂಬ ಪ್ರತ್ಯಾಮ್ಲದ್ದು. ಹುಣಸೆಯೋ ಪುನರ್ಪುಳಿಯೋ (ಕೋಕಂ) ಸೇರಿದಾಗ ಅದು ಲವಣವಾಗಿ ಸಾರಿನಲ್ಲೇ ಉಳಿದು ಮೂಗಿಗೆ ಬರುವುದಿಲ್ಲ. ತೊರಕೆಯಂಥ ಮೀನುಗಳ ಮೈಯಲ್ಲಿ ಯೂರಿಯ ಇರುತ್ತದೆ, ಹಳತಾದರೆ ಅಮೋನಿಯದ ಘಾಟು. ಬಂದರಿನಿಂದ ಎಷ್ಟು ಹೊತ್ತಿಗೆ ತಂದಿರಿ ಎಂಬುದು ಮುಖ್ಯ. ಗೋಳಿಬಜೆಗೆ ಸೋಡಾ ಹೆಚ್ಚಾದರೆ ಹುಳಿ ಮೊಸರಿನ ಆಮ್ಲ ಅದಕ್ಕೆ ಸಾಲದೆ ಬಜೆ ಸಾಬೂನಿನ ರುಚಿಯಾಗುತ್ತದೆ. ಯಾವ ಹೋಟೆಲಿನಲ್ಲಿ ತಿಂದೆನೆಂದು ಹೇಳಲಾರೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಆ ವಾಸನೆ ಬಂದರೆ ಸಿನಿಮಾದ ನಾಯಕನಂತೆ ದೀಪದ ಸ್ವಿಚ್ಚಿಗೆ ಕೈ ಹಾಕದೆ ರೆಗ್ಯುಲೇಟರ್ ಮುಚ್ಚಿ ಕಿಟಕಿ ತೆರೆಯಿರಿ. ಎಲೆ, ಅಡಿಕೆ, ಸುಣ್ಣ ಸೇರಿ ಬಾಯಿ ಕೆಂಪಾಗುವುದನ್ನು ಇನ್ನೊಂದು ದಿನ ಹೇಳುತ್ತೇನೆ.

ಹೊರಗೆ ಪುನರ್ಪುಳಿ ಪಾನಕ ಇಟ್ಟಿದ್ದಾರೆ. ಅದರ ಪಕ್ಕದ ಮೇಜಿನಲ್ಲಿ, ನನ್ನ ಕೋರಿಕೆಯ ಮೇರೆಗೆ, ಅಡುಗೆ ಸೋಡಾದ ಪುಡಿ ಮತ್ತು ಬೇರೆ ಲೋಟಗಳಿವೆ. ವಿದ್ಯಾರ್ಥಿಗಳು ಒಂದು ಲೋಟ ಪಾನಕಕ್ಕೆ ಚಿಟಿಕೆ ಚಿಟಿಕೆಯಾಗಿ ಸೋಡಾ ಹಾಕುತ್ತ, ಎಷ್ಟನೆಯ ಚಿಟಿಕೆಗೆ ಬಣ್ಣ ತಿರುಗಿತು, ಅದು ಎಷ್ಟು ಹೊತ್ತು ನಿಂತಿತು ಎಂಬುದನ್ನು ಬರೆದುಕೊಳ್ಳಿ. ಆ ಲೋಟವನ್ನು ಕುಡಿಯಬೇಡಿ, ಮತ್ತು ಅಧ್ಯಕ್ಷರಿಗೆ ಕೊಡಬೇಡಿ.

ನಮಸ್ಕಾರ.